ಮುಚ್ಚಳದ ಮೇಲಿನ ಮೀಸೆ

ಲ್ಯಾಬಿನ ಬಾಗಿಲಾಚೆ ಅವಳು ಅತ್ತಿಗೆ, ಒಳಗೆ ಮೇಡಂ. ಈ ಗಡಿ ಹಾಕಿದ್ದು ಅವಳೇ. ದಿನಕ್ಕೆ ನಾಲ್ಕು ಸಲ ಅದನ್ನು ಮರೆತು ಬೈಸಿಕೊಳ್ಳುತ್ತಿದ್ದವನು ಅವಳ ಮೈದುನ, ಅಲ್ಲಿನ ಟೆಕ್ನಿಷಿಯನ್. ಊರೆಲ್ಲ ಅವನನ್ನು ಡೈಲಾಗ್ ಎಂದೇ ಕರೆಯುತ್ತಿತ್ತು. ಫ್ರೀಜರಿನ ಬಾಗಿಲು ತೆರೆಯುವುದಕ್ಕೂ ಹೀರೋ ಎಂಟ್ರಿ ಕೊಡುವ ಆಸಾಮಿ. ತನ್ನ ಅಣ್ಣನಿಗೆ ಅವಳನ್ನು ಗಂಟು ಹಾಕಿಸಿದವನೂ ತಾನೇ ಎಂದು, ಇವತ್ತಿಗೂ ಅವಳ ಚಹಾದಲ್ಲಿ ಅರ್ಧ ಲೋಟ ಕಮಿಷನ್ ಹೊಡೆಯುತ್ತಿದ್ದ.

ಅವಳು ಪೋಸ್ಟ್‌ಡಾಕ್, ಗುತ್ತಿಗೆಯ ಮೇಲಿನ ಸಂಶೋಧಕಿ. ಅಂದರೆ ಹೆಸರಿನ ಮುಂದೆ ಡಾಕ್ಟರು, ಕುರ್ಚಿಯ ಕೆಳಗೆ ಚಕ್ರ. ಯಾವಾಗ ಬೇಕಾದರೂ ಉರುಳಿಸಿ ಆಚೆ ಕಳಿಸಬಹುದು. ಐದು ವರ್ಷದಲ್ಲಿ ಇದು ಮೂರನೇ ಊರು. ಮನೆಯಲ್ಲಿ ಎಂಟು ರಟ್ಟಿನ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಮಗಳು ಅವುಗಳಲ್ಲೇ ಮನೆಯಾಟ ಆಡುತ್ತಿದ್ದಳು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿಯ ಮುಂದೆ ಸಂಶೋಧನೆ ತೋರಿಸಬೇಕು. ಒಪ್ಪಿದರೆ ಇನ್ನೆರಡು ವರ್ಷ ಕೆಲಸ, ಇಲ್ಲವಾದರೆ ನಾಲ್ಕನೇ ಊರು.

ತೋರಿಸಲು ಭರ್ಜರಿ ಸರಕೇ ಇತ್ತು. ಹತ್ತು ಗ್ರಾಮಿನ, ಹಳದಿ ಕುತ್ತಿಗೆಯ ಒಂದು ಪುಟಾಣಿ ಹಕ್ಕಿ. ಆರು ಪಥದ ಹೆದ್ದಾರಿಯ ಆಚೆ ಕಾಡಿನಲ್ಲೂ ಇದೆ, ಈಚೆ ಊರಿನ ಪಾರ್ಕುಗಳಲ್ಲೂ ಇದೆ. ಆಚೆಯವು ಈಚೆ ಬರುತ್ತವೆಯೇ? ಬಾರದಿದ್ದರೆ ಊರಿನವು ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿ ಸೊರಗುತ್ತವೆ. ಎರಡು ವರ್ಷ ಅವಳು ಬೆಳಕು ಹರಿಯುವ ಮುಂಚೆಯೇ ಬಲೆ ಕಟ್ಟಿದ್ದಳು. ಸಿಕ್ಕ ಹಕ್ಕಿಯನ್ನು ಎರಡು ಬೆರಳ ನಡುವೆ ಕುತ್ತಿಗೆ ಬರುವಂತೆ ಹಿಡಿಯುವಳು, ಕಾಲಿಗೆ ನಂಬರಿನ ಉಂಗುರ ತೊಡಿಸುವಳು, ರೆಕ್ಕೆಯಡಿಯ ನಾಳದಿಂದ ಒಂದೇ ಹನಿ ರಕ್ತ ತೆಗೆಯುವಳು. ಆಮೇಲೆ ಗಂಡೋ ಹೆಣ್ಣೋ ತಿಳಿಯಲು ಹೊಟ್ಟೆಯ ಗರಿ ಬಿಡಿಸಿ ಉಫ್ ಎಂದು ಊದುವಳು. ಗೂಡು ಕಟ್ಟುವ ಕಾಲದಲ್ಲಿ ಕಾವು ಕೊಡುವ ಹೆಣ್ಣಿಗೆ ಅಲ್ಲಿ ಬರೀ ಚರ್ಮ. ಎಲ್ಲ ಸೇರಿ ಒಂದೂವರೆ ನಿಮಿಷ. ಹಕ್ಕಿ ಹಾರಿ ಕೊಂಬೆಯ ಮೇಲೆ ಕೂತು ಬೈಯುವಾಗ, ಸಿನಿಮಾದಲ್ಲಿ ಹತ್ತು ಜನರನ್ನು ಹೊಡೆದುರುಳಿಸುವವರೆಲ್ಲ ಇವಳ ಮುಂದೆ ಡಮ್ಮಿ ಎನಿಸುತ್ತಿತ್ತು ಡೈಲಾಗ್‌ಗೆ.

ರಕ್ತದ ಟ್ಯೂಬಿಗೆ ನಂಬರು ಬರೆಯುವುದು ಅವನ ಕೆಲಸ. ಅವಳು "ಗಂಡು" ಎಂದರೆ ಮುಚ್ಚಳದ ಮೇಲೆ ಒಂದು ಮೀಸೆಯನ್ನೂ ಬಿಡಿಸುತ್ತಿದ್ದ.

"ಏನೋ ಇದು ತರಲೆ?"

"ಗಂಡು ಅಂದ್ಮೇಲೆ ಒಂದು ಖದರ್ ಬೇಡ್ವಾ ಅತ್ತಿಗೆ?"

ಫಲಿತಾಂಶ ಬಂದು ನಾಲ್ಕು ದಿನವಾಗಿತ್ತು. ಊರಿನ ಮೂವತ್ತೊಂದು ಹಕ್ಕಿಗಳ ಡಿಎನ್‌ಎ ಥೇಟ್ ಕಾಡಿನದು! ಹೆದ್ದಾರಿ ದಾಟಿ ಹಿಂಡುಗಟ್ಟಲೆ ವಲಸೆ! ಲ್ಯಾಬಿನ ಪ್ರೊಫೆಸರು ಕಾರಿಡಾರಿನಲ್ಲಿ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದರು.

ಅಂದು ಮಧ್ಯಾಹ್ನ ಅವಳು, ಪ್ಲೇಟುಗಳಲ್ಲಿ ತುಂಬಿ ಯಂತ್ರಕ್ಕೆ ಹಾಕಿದ್ದ ಡಿಎನ್‌ಎಯಲ್ಲೇ ಗಂಡು ಹೆಣ್ಣು ಗುರುತಿಸಿ, ನೋಟ್‌ಬುಕ್ಕಿನ ಜೊತೆ ತಾಳೆ ನೋಡುತ್ತಾ ಕೂತಳು.

"ಕ್ಲೈಮ್ಯಾಕ್ಸ್ ನಾಳೆ ಇಟ್ಕೊಂಡು ಈಗ ಯಾಕ್ ಅತ್ತಿಗೆ ಫ್ಲಾಶ್‌ಬ್ಯಾಕು?"

"ಮೇಡಂ ಅನ್ನು. ಮೂರನೇ ಪ್ಲೇಟಲ್ಲಿ ಅರ್ಧಕ್ಕರ್ಧ ತಾಳೆ ಆಗ್ತಿಲ್ಲ ಕಣೋ. ಗಂಡು ಅಂತ ಬರ್ದಿದ್ದು ಹೆಣ್ಣು ಅಂತಿದೆ. ನೋಟ್‌ಬುಕ್ ಮಳೇಲಿ ನೆಂದಾಗ ಕಾಪಿ ಮಾಡಿದ್ನಲ್ಲ, ಅಲ್ಲೇ ತಪ್ಪಿದ್ನಾ? ಟ್ಯೂಬ್ ತಗೊಂಬಾ."

ಅವನು ಫ್ರೀಜರಿನಿಂದ ಟ್ಯೂಬುಗಳ ಡಬ್ಬಿ ತಂದಿಟ್ಟ. ಎಂಟು ಸಾಲು, ಸಾಲಿಗೆ ಹನ್ನೆರಡು, ಮಂಜು ಹಿಡಿದ ಮುಚ್ಚಳಗಳ ಮೇಲೆ ಅಲ್ಲಲ್ಲಿ ಮೀಸೆ. ಪಕ್ಕದ ಪರದೆಯಲ್ಲಿ ಅದೇ ಸಾಲುಗಳ ನಕ್ಷೆ, ಡಿಎನ್‌ಎ ಗಂಡು ಎಂದಲ್ಲೆಲ್ಲ ನೀಲಿ ಚುಕ್ಕೆ. ಮೀಸೆಗೂ ಚುಕ್ಕೆಗೂ ಹೊಂದಾಣಿಕೆಯೇ ಇಲ್ಲ. ಅವಳು ಕೆಳತುಟಿ ಕಚ್ಚಿ ಒಂದು ನಿಮಿಷ ನೋಡಿದಳು. ಆಮೇಲೆ ಡಬ್ಬಿಯನ್ನು ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿದಳು.

ಒಂದೊಂದು ಮೀಸೆಯೂ ಒಂದೊಂದು ನೀಲಿ ಚುಕ್ಕೆಗೆ ಹೋಗಿ ಕೂತಿತು.

ರಕ್ತದಿಂದ ತೆಗೆದ ಡಿಎನ್‌ಎಯನ್ನು ಇದೇ ಸಾಲುಗಳಲ್ಲಿ ಪ್ಲಾಸ್ಟಿಕ್ ಪ್ಲೇಟಿನ ಗುಳಿಗಳಿಗೆ ತುಂಬಿ ಯಂತ್ರಕ್ಕೆ ಇಟ್ಟವನು ಡೈಲಾಗೇ. ದಿಕ್ಕು ತಿಳಿಯಲೆಂದೇ ಪ್ಲೇಟಿನ ಒಂದು ಮೂಲೆ ಕತ್ತರಿಸಿರುತ್ತದೆ. ಅವತ್ತು ಸೀಲು ಮಾಡಿದ ಮೂರನೇ ಪ್ಲೇಟನ್ನು ಬೆರಳ ತುದಿಯಲ್ಲಿ ಗಿರ್ರನೆ ತಿರುಗಿಸಿ, ಕ್ಯಾಮೆರಾ ಇದ್ದಂತೆ ಒಂದು ಲುಕ್ ಕೊಟ್ಟು, ಯಂತ್ರದೊಳಗೆ ಜಾರಿಸಿದ್ದ. ಮೂಲೆ ನೋಡಿರಲಿಲ್ಲ.

"ಅತ್ತಿಗೆ... ನಾನೇ. ಸ್ಟೈಲ್ ಮಾಡೋಕ್ ಹೋಗಿ..."

ಅವಳು "ಮೇಡಂ" ಎಂದು ತಿದ್ದಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು.

"ನಾಳೆ ಒಂದಿನ ಸುಮ್ನಿರಿ, ಅತ್ತಿಗೆ. ಆಮೇಲೆ ಹೇಳಿದ್ರಾಯ್ತು. ಅವ್ರಿಗೆಲ್ಲಿ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ. ಕುರ್ಚಿ ಎಳ್ಕೊ. ನಂಬರ್ ಓದ್ತಾ ಹೋಗು."

ಸರಿಯಾದ ಸಾಲಿನಲ್ಲಿ ಎಲ್ಲ ಮತ್ತೆ ಲೆಕ್ಕ ಹಾಕಿದರು. ಮೂವತ್ತೊಂದು ಹದಿನೆಂಟಾಯಿತು, ಏಳಾಯಿತು. ಎರಡು ವರ್ಷ ತಾನು ಕಟ್ಟಿದ್ದನ್ನು ಒಂದೊಂದೇ ಇಟ್ಟಿಗೆಯಂತೆ ಅವಳೇ ಕಿತ್ತು ಇಡುತ್ತಿದ್ದಳು. ಅವನಿಗೆ ಅಳು ಬಂತು. ಕೊನೆಗೆ ಒಂದು ಉಳಿಯಿತು.

"ನಾನೂರ ಹದಿನೇಳು. ಸ್ಟೇಷನ್ ಹಿಂದಿನ ಪಾರ್ಕಿಂದು," ಎಂದಳು. ಕಣ್ಣು ಮಿನುಗಿತು. "ಇದು ಮೊದಲ್ನೇ ಪ್ಲೇಟು, ನಿನ್ ಸ್ಟೈಲ್ ಮುಟ್ಟಿಲ್ಲ. ಇದು ದಾಟಿದೆ ಕಣೋ! ನಿಜವಾಗ್ಲೂ ದಾಟಿದೆ!"

ಮರುದಿನ ಸಮಿತಿಯ ಮುಂದೆ ಅವಳು ಹಳೆಯ ನಕ್ಷೆಯನ್ನೇ ಮೊದಲು ತೋರಿಸಿದಳು. "ಇದು ತಪ್ಪು. ಪ್ಲೇಟು ಹಿಂದುಮುಂದಾಗಿತ್ತು." ಪ್ರೊಫೆಸರು ಪೆನ್ನಿನ ಕ್ಯಾಪು ಕಚ್ಚಿಕೊಂಡರು.

"ಯಾರಮ್ಮಾ ತಿರುಗಿಸಿದ್ದು?" ಸಮಿತಿಯ ಹಿರಿಯರ ಧ್ವನಿ ಗಡುಸಾಗಿತ್ತು. ಡಬ್ಬಿ ಹಿಡಿದು ಬಾಗಿಲ ಬಳಿ ನಿಂತಿದ್ದ ಡೈಲಾಗ್ ಒಂದು ಹೆಜ್ಜೆ ಮುಂದಿಟ್ಟ.

ಅವಳು ಅವನತ್ತ ನೋಡಲೇ ಇಲ್ಲ. "ನನ್ನ ಪ್ರಯೋಗ ಸರ್, ನನ್ನ ತಪ್ಪು. ಅದನ್ನ ಹಿಡ್ಕೊಟ್ಟಿದ್ದು ನಮ್ಮ ಟೆಕ್ನಿಷಿಯನ್ನು ಬಿಡಿಸಿದ ಗುರುತು." ಡಬ್ಬಿ ಮೇಜಿಗೆ ಬಂತು. ಹಿರಿಯರು ಕನ್ನಡಕ ಏರಿಸಿ ಮೀಸೆಗಳನ್ನು ನೋಡಿದರು. ಬೇಡವೆಂದರೂ ಅವರ ಸ್ವಂತ ಮೀಸೆ ಅಲುಗಿತು.

"ಹಂಗಾದ್ರೆ ಕೊನೇಗೆ ಉಳಿದಿದ್ದು ಒಂದೇ ಹಕ್ಕಿನಾ?"

"ಒಂದೇ ಸರ್. ಕಾಲಲ್ಲಿ ಉಂಗುರ ಇದೆ, ಮತ್ತೆ ಹಿಡೀಬಹುದು. ಮರಿ ಮಾಡಿದ್ಯಾ ನೋಡ್ಬೇಕು. ಮಾಡಿದ್ರೆ ಊರಿನ ಹಕ್ಕಿಗಳಿಗೆ ಹೊಸ ರಕ್ತ ಬಂದ ಹಾಗೆ."

ಎರಡು ವರ್ಷ ಕೊಡಲಿಲ್ಲ. ಒಂದು ವರ್ಷ ಕೊಟ್ಟರು: ಆ ಹಕ್ಕಿ ಹುಡುಕಿ, ಎಲ್ಲ ಪ್ಲೇಟೂ ಮೊದಲಿಂದ ಮಾಡಿ.

ಅವಳು ಕಾರಿಡಾರಿನಲ್ಲೇ ಗಂಡನಿಗೆ ಫೋನು ಮಾಡಿದಳು. "ಪೆಟ್ಟಿಗೆ ಬಿಚ್ರೀ. ಎಲ್ಲಾ ಬೇಡ, ನಾಲ್ಕು ಬಿಚ್ಚಿ. ಉಳಿದಿದ್ದು ಮಗಳಿಗಿರ್ಲಿ."

ಸಂಜೆ ಹೊಸ ಪ್ಲೇಟು ತಯಾರಾಯಿತು. ಡೈಲಾಗ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಯಂತ್ರದ ಮುಂದೆ ನಿಂತ. ಕತ್ತರಿಸಿದ ಮೂಲೆ ನೋಡಿದ. ಮತ್ತೆ ನೋಡಿದ. ಹಿಂದಕ್ಕೆ ತಿರುಗಿ ಅವಳಿಗೂ ತೋರಿಸಿದ. ಅವಳು ತಲೆಯಾಡಿಸಿದ ಮೇಲೇ ಒಳಗಿಟ್ಟ.

"ಏನೋ, ಒಂದು ಡೈಲಾಗೂ ಇಲ್ವಾ?"

"ಇಲ್ಲ ಮೇಡಂ," ಎಂದ ಅವನು, ಲ್ಯಾಬಿನ ಒಳಗೆ ನಿಂತು, ಮೊದಲ ಸಲ ಸರಿಯಾಗಿ.