ತುಂಬಿದ ಚುಕ್ಕೆ

ಬಾಯ್ಲರಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಇರದೆ ಇನ್ನೇನು? ಹತ್ತೊಂಬತ್ತು ವರ್ಷ ಬಾಯ್ಲರಿನ ಮುಂದೆ ಬೆವರು ಸುರಿಸಿದವಳು. ಹಬೆಯ ಒತ್ತಡ ತೋರಿಸುವ ಗೇಜಿನ ಮುಳ್ಳು ಹತ್ತರ ಕೆಂಪು ಗೆರೆ ಮುಟ್ಟಿತೆಂದರೆ ಬೆಂಕಿ ಇಳಿಸಬೇಕೆಂದು ಅವಳಿಗೆ ಗೊತ್ತು. ಇಳಿಸುವ ಅಧಿಕಾರ ಮಾತ್ರ ಶಿಫ್ಟ್ ಇನ್‌ಚಾರ್ಜ್‌ನದು. ಹೋದ ತಿಂಗಳು ಮುಳ್ಳು ಹತ್ತರ ಮೇಲೇ ಕೂತಿದ್ದಾಗ ಮ್ಯಾನೇಜರ್ "ಬಟ್ಟೆ ಅರ್ಜೆಂಟಿದೆ, ನಡೀಲಿ" ಎಂದ. ಇನ್‌ಚಾರ್ಜ್ ತಲೆಯಾಡಿಸಿದ. ಪೈಪಿನ ಜೋಡಣೆ ಸೀಳಿ ಬಂದ ಹಬೆಗೆ ಅವಳ ಜೊತೆಗಾತಿಯ ಎಡಗೈ ಮೊಣಕೈವರೆಗೂ ಬೆಂದುಹೋಯಿತು. ಮರುದಿನವೇ ಇನ್‌ಚಾರ್ಜ್ ಕೆಲಸ ಬಿಟ್ಟು ಜಾಗ ಖಾಲಿ ಮಾಡಿದ.

ಆ ಜಾಗ ತನಗೇ ಬೇಕೆಂದು ಬಾಯ್ಲರಕ್ಕ ಹಟ ಹಿಡಿದಳು. ಅದಕ್ಕೊಂದು ಅರ್ಹತಾ ಪರೀಕ್ಷೆ. ಪರೀಕ್ಷೆಯಲ್ಲಿ ಗಣಿತ, ಅದರಲ್ಲೂ ಈ ಹಾಳಾದ ಅಸಮತೆಗಳು.

ಕಾಲೇಜಿಗೆ ಹೋಗುವ ಮಗಳೇ ಮೇಷ್ಟ್ರು. "ಬಿಡಿಸು" ಎಂದು ಬರೆದುಕೊಟ್ಟಳು: −2x + 3 ≥ −17.

ಬಾಯ್ಲರಕ್ಕ ಮೂರನ್ನು ಆಚೆ ಕಳಿಸಿದಳು. −2x ≥ −20. ಭಾಗಿಸಿದಳು. "ಎಕ್ಸು ಹತ್ತು, ಇಲ್ಲಾ ಅದಕ್ಕಿಂತ ಜಾಸ್ತಿ."

"ಮೈನಸ್‌ನಿಂದ ಭಾಗಿಸಿದ್ರೆ ಚಿಹ್ನೆ ತಿರುಗಿಸ್ಬೇಕು ಅಂತ ಎಷ್ಟು ಸಲ ಬಡ್ಕೊಳ್ಳಲಿ ಅಮ್ಮಾ?"

"ಯಾಕೆ ತಿರುಗ್ಬೇಕು? ನೀನು ಹೇಳ್ದೆ ಅಂತಲಾ?"

"ಎರಡು ದೊಡ್ಡದಾ, ಮೂರು ದೊಡ್ಡದಾ?"

"ಮೂರು."

"ಮೈನಸ್ ಎರಡು, ಮೈನಸ್ ಮೂರು? ಯಾವುದು ದೊಡ್ಡದು?"

"ಮೈನಸ್ ಎರಡು. ಸರಿ ಬಿಡು, ತಿರುಗ್ತು." ಬಾಯ್ಲರಕ್ಕ x ≤ 10 ಎಂದು ತಿದ್ದಿದಳು. ಸಂಖ್ಯಾರೇಖೆ ಎಳೆದು, ಹತ್ತರ ಮೇಲೊಂದು ಖಾಲಿ ಸೊನ್ನೆ ಸುತ್ತಿ, ಬಾಣವನ್ನು ಎಡಕ್ಕೆ ಹರಿಸಿದಳು.

"ಆ ಚುಕ್ಕೆ ತುಂಬು. ಹತ್ತೂ ಸೇರತ್ತೆ."

"ಸೇರಲ್ಲ ಕಣೇ. ಹತ್ತು ಅಂದ್ರೆ ಕೆಂಪು ಗೆರೆ. ಒಬ್ಬಳ ಕೈ ಬೆಂದಿದೆ ಅಲ್ಲಿ."

"ಅದು ನಿನ್ನ ಬಾಯ್ಲರು, ಇದು ಲೆಕ್ಕ. ಎಕ್ಸ್ ಜಾಗದಲ್ಲಿ ಹತ್ತು ಹಾಕು, ಮೈನಸ್ ಹದಿನೇಳೇ ಬರತ್ತೆ. ಚಿಹ್ನೆ ಕೆಳಗೆ ಗೆರೆ ಇದ್ರೆ ಗಡಿ ಒಳಗೆ, ಇಲ್ದಿದ್ರೆ ಹೊರಗೆ. ನಿನ್ನ ಸಿಟ್ಟನ್ನ ಪೇಪರ್ ತಿದ್ದೋರು ಕೇಳಲ್ಲ."

ಪೆನ್ಸಿಲ್ ಮೂಲೆಗೆ ಹೋಗಿ ಬಿತ್ತು. ಮರುದಿನ ಬಾಯ್ಲರಕ್ಕನೇ ಅದನ್ನು ಹೆಕ್ಕಿಕೊಂಡು ಬಂದು ಕೂತಳು.

ಪರೀಕ್ಷೆಯಲ್ಲೂ ಅಭ್ಯಾಸಬಲದಿಂದ ಎರಡು ಚುಕ್ಕೆ ಖಾಲಿ ಬಿಟ್ಟು ಬಂದಳು. ನೂರಕ್ಕೆ ಸರಿಯಾಗಿ ನಲವತ್ತು ಅಂಕ ಬಂತು.

ಮ್ಯಾನೇಜರ್ ಅಂಕಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಿದ. "ನಲವತ್ತು ದಾಟ್ಬೇಕಿತ್ತು. ದಾಟಿಲ್ಲ. ಮುಂದಿನ ವರ್ಷ ನೋಡೋಣ."

ಬಾಯ್ಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗೋಡೆಯ ಮೇಲಿದ್ದ ನೋಟೀಸನ್ನು ಕಿತ್ತು ತಂದು ಅವನ ಮುಂದೆ ಹರಡಿದಳು. 'ಕನಿಷ್ಠ 40' ಎಂದಿತ್ತು. ಅದರ ಕೆಳಗೇ ಗೆರೆ ಎಳೆದು, ನಲವತ್ತರ ಮೇಲೆ ಸೊನ್ನೆ ಸುತ್ತಿ, ಪೆನ್ನು ಕಾಗದವನ್ನು ತೂತು ಮಾಡುವ ತನಕ ತುಂಬಿದಳು.

"ಈ ಚುಕ್ಕೆ ತುಂಬಿದೆ ಸಾರ್. ನಲವತ್ತು ಒಳಗಿದೆ. ಹೊರಗೆ ಅನ್ನೋದಾದ್ರೆ ಬರೆದು ಸೈನ್ ಹಾಕ್ಕೊಡಿ, ಪರೀಕ್ಷೆ ನಡೆಸ್ದೋರಿಗೇ ತೋರಿಸ್ತೀನಿ."

ಅವನು ಹಾಗೆ ಬರೆದುಕೊಡಲಿಲ್ಲ. ಮುಖ ಗಂಟು ಹಾಕಿಕೊಂಡು ನೇಮಕದ ಕಾಗದಕ್ಕೆ ಸೈನ್ ಹಾಕಿದ.

ಅವಳು ನೆಟ್ಟಗೆ ಬಾಯ್ಲರಿನ ಹತ್ತಿರ ಹೋದಳು. ಮುಳ್ಳು ಹತ್ತರ ಮೇಲೆ ಕೂತಿತ್ತು. ಯಾರನ್ನೂ ಕೇಳದೆ ಬೆಂಕಿ ಇಳಿಸಿದಳು. ಎರಡು ನಿಮಿಷಕ್ಕೆ ಗೋಡೆಯ ಫೋನು ಬಡಿದುಕೊಂಡಿತು.

"ಯಾರನ್ನ ಕೇಳಿ ಇಳಿಸ್ದೆ?" ಮ್ಯಾನೇಜರಿನ ದನಿ. "ಮುಳ್ಳು ಹತ್ತು ದಾಟೇ ಇಲ್ವಲ್ಲ?"

"ಇನ್‌ಚಾರ್ಜ್‌ನ ಕೇಳಿ ಇಳಿಸ್ದೆ" ಎಂದಳು ಬಾಯ್ಲರಕ್ಕ. "ಇಲ್ಲಿ ಚುಕ್ಕೆ ಖಾಲಿ ಸಾರ್. ಹತ್ತು ಸೇರಲ್ಲ."