ಇಸ್ತ್ರಿ ಮಾವನ ತಾರಸಿ ಮೇಲೆ ಎರಡು ದೇಶ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೆ ನಾನು ಕೂತಿರುವ ಈ ಬೆಂಚು ಇಲ್ಲೇ ಮುರಿದು ಬೀಳಲಿ. ಬೆಂಚಿನ ಆ ತುದಿಯಲ್ಲಿ ತಿಂಡಿಯ ತಟ್ಟೆ ಹಿಡಿದು ನೀವೂ ಕೂತಿದ್ದೀರಿ, ಹಾಗಾಗಿ ನಂಬುವ ಮನಸ್ಸು ಮಾಡಿಕೊಂಡೇ ಕೇಳಿ.

ಗುಡ್ಡದ ಬೀದಿಯ ತುದಿಮನೆಯಲ್ಲಿ ಇಸ್ತ್ರಿ ಮಾವ ಇದ್ದ. ಬೀದಿಗೆಲ್ಲ ಮಾವ, ಸ್ವಂತ ಅಳಿಯ ಮಾತ್ರ ಒಬ್ಬನೂ ಇಲ್ಲ. ಕೆಳಗೆ ಇಸ್ತ್ರಿ ಮೇಜು, ಹಿತ್ತಲಲ್ಲಿ ಒಗೆಯುವ ತೊಟ್ಟಿ, ಮೇಲೆ ತಾರಸಿ. ಆಸ್ಪತ್ರೆಯ ಹೊದಿಕೆ, ಹೋಟೆಲಿನ ದಿಂಬಿನ ಚೀಲ, ಬೀದಿಯವರ ಅಂಗಿ, ಎಲ್ಲ ಅವನ ಕೈ ದಾಟಿಯೇ ಬೆಳ್ಳಗಾಗಬೇಕು. ಕೆಲಸದಲ್ಲಿ ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ. ಆದರೆ ಅನುಮಾನ! ಗಿರಾಕಿ ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಏನು ಬಚ್ಚಿಡುತ್ತಿದ್ದಾನೆ. ಹೆಂಡತಿ ಚಹಾ ತಂದರೆ ಮೊದಲು ಅವಳ ಮುಖ ನೋಡಿ, ಆಮೇಲೆ ಲೋಟ ನೋಡಿ, ಆರಿದ ಮೇಲೆ ಕುಡಿಯುವವನು. ಸಂಜೆ ತನ್ನ ನೆರಳು ಉದ್ದವಾದರೆ ಇದಕ್ಕೇನು ಬಂತು ಎಂದು ನಿಂತು ತಿರುಗಿ ನೋಡುವವನು.

ಅಂಥವನ ತಾರಸಿಯೇ ಬೇಕಾಯಿತು, ಎರಡು ದೇಶಗಳ ಬಾಹ್ಯಾಕಾಶ ಸಂಸ್ಥೆಗಳಿಗೆ.

ವಿಷಯ ಇಷ್ಟೇ. ಗುಡ್ಡ ಜಾರುತ್ತಿದೆಯೋ ಏನೋ ಎಂದು ಪುರಸಭೆಗೆ ಹೆದರಿಕೆ. ನಮ್ಮ ದೇಶದ ಉಪಗ್ರಹ ಆ ಗುಡ್ಡದ ಮೇಲೆ ಹಾದುಹೋಗುವುದು ಮುಂಜಾನೆ, ಪಕ್ಕದ ದೇಶದ್ದು ಇಳಿಹೊತ್ತಿನಲ್ಲಿ. ಇಬ್ಬರೂ ನೋಡಿದ್ದನ್ನು ಹಂಚಿಕೊಂಡು ಒಟ್ಟಿಗೆ ತೀರ್ಮಾನ ಹೇಳುವುದೆಂದು ದೊಡ್ಡವರೆಲ್ಲ ಕೈಕುಲುಕಿ ಫೋಟೋ ತೆಗೆಸಿಕೊಂಡರು. ಮೇಲಿನಿಂದ ಬರುವ ಅಲೆಗಳನ್ನು ಹಿಡಿದು ಹಿಂದಕ್ಕೆ ಕಳಿಸಲು ಆಕಾಶಕ್ಕೆ ತೆರೆದ ಜಾಗದಲ್ಲಿ ತಗಡು ಬೇಕಿತ್ತು. ಮಾವನ ತಾರಸಿಯಲ್ಲಿ ಗೋಡೆಯಾಚೆ ಚಾಚಿಕೊಂಡಿರುವ ಮೂಲೆಯಲ್ಲಿ ಕಂಬ ನೆಟ್ಟರು. ಅದರ ಮೇಲೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ತಗಡು. ಕೋಣೆಯ ಮೂಲೆಯನ್ನೇ ಕತ್ತರಿಸಿ ತಂದು ಕೂರಿಸಿದ ಹಾಗಿದ್ದವು. ಒಂದರ ಬಾಯಿ ಬೆಳಗಿನ ಉಪಗ್ರಹಕ್ಕೆ, ಇನ್ನೊಂದರದ್ದು ಸಂಜೆಯದಕ್ಕೆ. ಬದಲಿಗೆ ತಾರಸಿಯ ಸೋರಿಕೆ ಸರಿಮಾಡಿಕೊಟ್ಟರು.

ಮಾವ ಹೆಂಡತಿಗೆ ಪಿಸುಗುಟ್ಟಿದ. "ಪುಕ್ಕಟೆ ಸೋರಿಕೆ ಯಾರು ಮುಚ್ತಾರೆ ಹೇಳು? ಏನೋ ಇದೆ."

"ಇದೆ ರೀ. ಇಷ್ಟು ದಿನ ಸೋರ್ತಾ ಇತ್ತು, ಈಗ ಇಲ್ಲ. ಅದೇ ಇರೋದು."

ಕೆಲವು ದಿನಕ್ಕೆ ಮಾವ, ಕಂಬದ ಮೇಲೆ ಕಣ್ಣಿಡುವ ನೆಪಕ್ಕೆ, ಒಗೆಯುವ ನೀರಿನ ಒಂದು ಡ್ರಮ್ಮನ್ನು ಅದರ ಬುಡಕ್ಕೇ ತಂದಿಟ್ಟ. ತಗಡಿನಲ್ಲಿ ಕಾಗೆ ಗೂಡು ಕಟ್ಟಿದೆಯೇ, ಕಸ ಬಿದ್ದಿದೆಯೇ ಎಂದು ನೋಡಲು ಎರಡೂ ಕಡೆಯಿಂದ ಒಬ್ಬೊಬ್ಬರು ಬರತೊಡಗಿದರು. ನಮ್ಮ ಸಂಸ್ಥೆಯ ಎಂಜಿನಿಯರ್ ಒಬ್ಬಳು ಹೆಂಗಸು, ಬೆಳಿಗ್ಗೆ ಉಪಗ್ರಹ ಹಾಯುವ ಹೊತ್ತಿಗೆ ಹಾಜರು. ಪಕ್ಕದ ದೇಶದ ಎಂಜಿನಿಯರ್ ಬರುವುದು ಸಂಜೆ. ಗಡಿ ಆಚೆಗೂ ಮಾತು ನಮ್ಮದೇ, ಹಾಗಾಗಿ ಮಾತಿಗೆ ಅಡ್ಡಿಯಿರಲಿಲ್ಲ. ಮಾವ ಅವಳಿಗೆ ಬೆಳಗಿನಮ್ಮ ಎಂದೂ ಅವನಿಗೆ ಸಂಜೆಯಪ್ಪ ಎಂದೂ ಹೆಸರಿಟ್ಟ. ಒಬ್ಬರು ಇನ್ನೊಬ್ಬರ ಮುಖ ನೋಡಿದ್ದಿಲ್ಲ.

ಕೆಲವು ತಿಂಗಳ ಮೇಲೆ ಪುರಸಭೆಯ ಕೊಡೆ ಸಾಹೇಬ ಬಂದ. ಬಿಸಿಲಿರಲಿ ಮೋಡವಿರಲಿ, ಅವನ ಕಂಕುಳಲ್ಲಿ ಕೊಡೆ. ಬಾಗಿಲ ಪಕ್ಕದ ಗೋಡೆಗೆ ಕೆಂಪು ಬಣ್ಣದಲ್ಲಿ ಒಂದು ಸುತ್ತು ಎಳೆಸಿದ.

"ಇದೇನು ಸ್ವಾಮಿ?"

"ಗುರುತು ಅಷ್ಟೇ. ಗುಡ್ಡ ಜಾರ್ತಿದೆ ಅಂತ ಎರಡೂ ದೇಶದವರು ಒಂದೇ ಮಾತು ಹೇಳಿದ ದಿನ ಬೀದಿ ಖಾಲಿ ಮಾಡಿಸ್ತೀವಿ. ತುದಿಮನೆ ಮೊದಲು."

ಮಾವ ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿದ. ಅಪ್ಪ ಕಟ್ಟಿದ ತೊಟ್ಟಿ, ಅವ್ವ ಬಟ್ಟೆ ಹರವುತ್ತಿದ್ದ ತಂತಿ, ಆಸ್ಪತ್ರೆ ಹೋಟೆಲು ಎರಡಕ್ಕೂ ನಡುವಿನ ಜಾಗ. ಇಲ್ಲಿಂದ ಎದ್ದರೆ ಇನ್ನೆಲ್ಲಿ ಒಗೆಯುವುದು?

ಮರುದಿನ ಬೆಳಗಿನಮ್ಮನನ್ನು ಮೆಟ್ಟಿಲಲ್ಲೇ ಅಡ್ಡಗಟ್ಟಿದ.

"ತಾಯಿ, ನಿಜ ಹೇಳಿ. ನಮ್ಮ ಮನೆ ಇಳೀತಾ ಇದೆಯಾ?"

"ಇಳೀತಿದೆ ಮಾವ. ಒಂದು ಉಗುರಿನ ದಪ್ಪ."

"ನಾನು ಇದರೊಳಗೇ ಬಿದ್ದಿರ್ತೀನಿ. ನನಗೆ ಗೊತ್ತಾಗದ್ದು ಆಕಾಶದಲ್ಲಿರೋದಕ್ಕೆ ಹೇಗಮ್ಮ ಗೊತ್ತಾಯ್ತು? ಅದೂ ಒಂದು ಉಗುರಿಗೆ ಮನೆ ಬಿಡಿಸ್ತಾರಾ?"

"ಉಗುರು ಬೆಳೀತಾ ಇದೆಯಲ್ಲ ಮಾವ."

ಆ ಸಂಜೆ ಸಂಜೆಯಪ್ಪನನ್ನೂ ಕೇಳಿದ. ಅವನು ಕೈ ಕೊಡವಿದ. "ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಆರಾಮಾಗಿ ನಿದ್ದೆ ಮಾಡಿ ಮಾವ."

ಬೇರೆಯವನಾಗಿದ್ದರೆ ನಿದ್ದೆ ಮಾಡುತ್ತಿದ್ದ. ಮಾವ ಯೋಚನೆಗೆ ಬಿದ್ದ. ಒಳ್ಳೆ ಸುದ್ದಿಯನ್ನು ಇವನು ಇಷ್ಟು ಸಲೀಸಾಗಿ ಯಾಕೆ ಕೊಟ್ಟ? ಯಾರೋ ಗುಡ್ಡದ ಮೇಲೆ ಕಣ್ಣು ಹಾಕಿದ್ದಾರೆ. ಮನೆ ಬಿಡಿಸಬೇಕಾದರೆ ಮೊದಲು ಏನು ಮಾಡುತ್ತಾರೆ? ನೀರು ನಿಲ್ಲಿಸುತ್ತಾರೆ!

ಹೋಗಿ ಬುಡದಲ್ಲಿ ನಲ್ಲಿಯಿದ್ದ ಇನ್ನೊಂದು ನೀಲಿ ಡ್ರಮ್ಮು ತಂದ. ನಸುಕಿನಲ್ಲಿ ಪುರಸಭೆಯ ನೀರು ಬರುತ್ತಲೇ ತುಂಬಿಸಿ ಮುಚ್ಚಳ ಹಾಕಿದ. ಇಟ್ಟದ್ದು ಕಂಬದ ಪಕ್ಕದಲ್ಲೇ, ಯಾರೂ ಕಂಬವನ್ನು ತಿರುಗಿಸದಿರಲಿ ಎಂದು. ಬೆಳಗಿನಮ್ಮ ಮುಂದಿನ ಸಲ "ಇನ್ನೂ ಸ್ವಲ್ಪ ಇಳಿದಿದೆ ಮಾವ" ಅಂದಳು. ಮಾವ ಇನ್ನೊಂದು ಡ್ರಮ್ಮು ತಂದ. ಅವಳು ಮತ್ತೆ ಅಂದಳು, ಇವನು ಮತ್ತೆ ತಂದ. ಕಂಬದ ಸುತ್ತ ನೀಲಿ ಕೋಟೆಯೇ ಎದ್ದಿತು.

ಹಗಲೆಲ್ಲ ಅದೇ ನೀರಿನಲ್ಲಿ ಒಗೆತ. ಉಳಿದದ್ದನ್ನು ಸಂಜೆಯಾಗುವ ಮುಂಚೆ ಚರಂಡಿಗೆ ಬಿಟ್ಟು ಡ್ರಮ್ಮುಗಳನ್ನು ಒಣಗಿಸಿಬಿಡುತ್ತಿದ್ದ. ಹೆಂಡತಿ ಹಣೆ ಚಚ್ಚಿಕೊಂಡಳು.

"ನೀರು ನಿಲ್ಲಿಸ್ತಾರೆ ಅಂತ ತುಂಬಿಸ್ತೀರಿ. ಮತ್ತೆ ಚೆಲ್ತೀರಿ. ತಲೆ ನೆಟ್ಟಗಿದೆಯಾ?"

"ನಾವು ಬಾಗಿಲು ಹಾಕ್ಕೊಂಡು ಮಲಗ್ತೀವಿ. ನೀರು ಹೊರಗೆ ಮಲಗತ್ತೆ. ಕತ್ತಲಲ್ಲಿ ಅದಕ್ಕೆ ಯಾರು ಏನು ಹಾಕಿದ್ರು ಅಂತ ಯಾರಿಗೆ ಗೊತ್ತು? ಆಸ್ಪತ್ರೆ ಹೊದಿಕೆ ಕಣೇ!"

ಹೀಗೆ ಬೆಳಗಿನಮ್ಮ ಕಂಡದ್ದೆಲ್ಲ ತುಂಬಿದ ಡ್ರಮ್ಮು, ಸಂಜೆಯಪ್ಪ ಕಂಡದ್ದೆಲ್ಲ ಖಾಲಿ ಡ್ರಮ್ಮು. ಅವಳ ಎಣಿಕೆಯಲ್ಲಿ ಅವು ನೀರಿನವು, ಅವನ ಎಣಿಕೆಯಲ್ಲಿ ಮೈಲಿಗೆ ಬಟ್ಟೆಯವು. ಮುಚ್ಚಳ ಎತ್ತಿ ನೋಡುವ ಸಂದರ್ಭ ಇಬ್ಬರಿಗೂ ಬರಲಿಲ್ಲ.

ಬಂದದ್ದು ಅನುಮಾನ. ಬೆಳಗಿನಮ್ಮ ಒಂದು ದಿನ ತಗ್ಗಿದ ದನಿಯಲ್ಲಿ ಕೇಳಿದಳು, "ಮಾವ, ಸಂಜೆ ಬರೋರು ಕಂಬ ಗಿಂಬ ಮುಟ್ತಾರಾ?"

ಮಾವ ಎರಡೂ ಕಡೆ ನೋಡಿ, "ಸವರ್ತಾರೆ" ಅಂದ.

ಸಂಜೆಯಪ್ಪನೂ ಕೇಳಿದ. "ಬೆಳಿಗ್ಗೆ ಬರೋ ಮೇಡಂ ಇಲ್ಲಿ ತುಂಬಾ ಹೊತ್ತು ಇರ್ತಾರಾ?"

"ಇರ್ತಾರೆ ಸಾರ್. ಅವರ ಚೀಲಾನೂ ದೊಡ್ಡದಿದೆ."

ಎರಡೂ ಸುಳ್ಳಲ್ಲ. ಅವನು ತಗಡಿನ ಧೂಳು ಒರೆಸುತ್ತಿದ್ದ, ಅವಳ ಚೀಲದಲ್ಲಿ ಊಟದ ಡಬ್ಬಿ. ಆದರೆ ಆ ಮಾತು ಎರಡೂ ರಾಜಧಾನಿ ಮುಟ್ಟುವ ಹೊತ್ತಿಗೆ ಮೀಸೆ ಗಡ್ಡ ಬೆಳೆಸಿಕೊಂಡಿತ್ತು. ನಿಮ್ಮವನು ತಗಡು ತಿರುಗಿಸುತ್ತಾನೆ ಎಂದು ಇವರು, ನಿಮ್ಮ ಉಪಗ್ರಹಕ್ಕೆ ತಲೆಸುತ್ತು ಎಂದು ಅವರು. ಕೈಕುಲುಕಿದ ಫೋಟೋವನ್ನು ಎರಡೂ ಕಚೇರಿಗಳಲ್ಲಿ ಗೋಡೆಯ ಕಡೆಗೆ ತಿರುಗಿಸಿ ನೇತುಹಾಕಿದರಂತೆ. ಹಂಚಿಕೊಳ್ಳುವುದು ನಿಂತುಹೋಯಿತು.

ಕೊಡೆ ಸಾಹೇಬ ಮತ್ತೆ ಬಂದ. "ಪಕ್ಕದ ದೇಶದವರು ಏನೂ ಕಳಿಸ್ತಿಲ್ಲ. ಇನ್ನು ಕಾಯೋಕಾಗಲ್ಲ. ನಮ್ಮೋರು ಜಾರ್ತಿದೆ ಅಂತಾರೆ, ಅಷ್ಟು ಸಾಕು. ಮುಂದಿನ ವಾರ ಸಾಮಾನು ಕಟ್ಟಿಕೊಳ್ಳಿ."

ಅವನ ಕೊಡೆ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಮಾವನಿಗೆ ಹೊಳೆಯಿತು. ಮನೆ ಅಲ್ಲಾಡಿಲ್ಲ ಎನ್ನುತ್ತಿದ್ದ ಒಬ್ಬನೇ ಒಬ್ಬ ಸಾಕ್ಷಿ. ಅವನ ಬಾಯಿ ಕಟ್ಟಿಸಿದ್ದು ತಾನೇ!

"ಈಗ ಏನು ಮಾಡ್ತೀರಿ?" ಎಂದಳು ಹೆಂಡತಿ.

"ಇಬ್ಬರನ್ನೂ ಒಟ್ಟಿಗೆ ತಾರಸಿ ಹತ್ತಿಸ್ತೀನಿ."

"ಕರೆದ್ರೆ ಬರ್ತಾರಾ? ಒಬ್ಬರ ಹೆಸರು ಕೇಳಿದ್ರೆ ಇನ್ನೊಬ್ಬರಿಗೆ ಮೈ ಉರಿಯತ್ತೆ."

"ಮಾತಾಡೋಕೆ ಬನ್ನಿ ಅಂದ್ರೆ ಬರಲ್ಲ. ಕಳ್ಳನ್ನ ಹಿಡಿಯೋಕೆ ಬನ್ನಿ ಅಂದ್ರೆ ಓಡಿ ಬರ್ತಾರೆ. ಅದು ನನಗೆ ಗೊತ್ತಿಲ್ವಾ!"

ಬೆಳಗಿನಮ್ಮನಿಗೆ ಫೋನು ಮಾಡಿ, "ಇವತ್ತು ಹೊತ್ತು ಇಳಿಯೋ ಮುಂಚೆ ಬನ್ನಿ, ಕೈಯಾರೆ ಹಿಡೀಬಹುದು" ಅಂದ. ಸಂಜೆಯಪ್ಪನಿಗೂ ಅದನ್ನೇ ಅಂದ.

ಗಡಿಬಿಡಿಯಲ್ಲಿ ಆ ದಿನ ಒಗೆತವೇ ನಡೆಯಲಿಲ್ಲ. ಡ್ರಮ್ಮುಗಳು ತುಂಬಿದಂತೆಯೇ ನಿಂತಿದ್ದವು. ಬಿಸಿಲು ಇಳಿಯುವ ಮೊದಲೇ ಬೆಳಗಿನಮ್ಮ ಮುಂಬಾಗಿಲಿಂದ ಬಂದಳು, ಸಂಜೆಯಪ್ಪ ಹಿತ್ತಲಿಂದ ಬಂದ. ತಾರಸಿಯಲ್ಲಿ ಎದುರುಬದುರು.

"ಓಹೋ, ನೀವಾ! ತಗಡು ಸವರೋ ಸಾರ್!"

"ಓಹೋ, ಮೇಡಂ! ಆ ಚೀಲದಲ್ಲಿ ಏನಿದೆ ಸ್ವಲ್ಪ ತೋರಿಸಿ ನೋಡೋಣ!"

ಚೀಲದಿಂದ ಡಬ್ಬಿ ಬಂತು. ಡಬ್ಬಿಯಲ್ಲಿ ತುತ್ತೂ ಉಳಿದಿರಲಿಲ್ಲ. ಸಂಜೆಯಪ್ಪ ತುಸು ಮೆತ್ತಗಾದ. ಅವನು ಮಟ್ಟ ನೋಡುವ ದುರ್ಬೀನು ತಂದಿದ್ದ. ಬೀದಿಯಾಚೆಯ ಬಂಡೆಯ ಮೇಲೆ ಅದನ್ನು ಹೂಡಿ, ಅಳತೆ ಕೋಲನ್ನು ಕಂಬದ ಬುಡಕ್ಕೆ ಊರಿ ಹಿಡಿಯಲು ಬೆಳಗಿನಮ್ಮನಿಗೆ ಹೇಳಿದ. ಆ ಜಾಗದ ಮಟ್ಟವನ್ನು ಹಿಂದೊಂದು ಸಂಜೆ ಅವನು ಅಳೆದಿಟ್ಟುಕೊಂಡಿದ್ದ. ಕಣ್ಣು ಹಚ್ಚಿದವನೇ ಬಂಡೆಯಿಂದ ಕೂಗಿದ.

"ಅಯ್ಯೋ! ನಿಜವಾಗ್ಲೂ ಇಳಿದಿದೆ!"

"ನಾನು ಬಾಯಿ ಬಡ್ಕೊಂಡಿದ್ದು ಅದನ್ನೇ!" ಎಂದಳು ಬೆಳಗಿನಮ್ಮ.

ಮಾವನಿಗೆ ಬಾಗಿಲ ಪಕ್ಕದ ಕೆಂಪು ಸುತ್ತು ನೆನಪಾಯಿತು. ತನ್ನ ಕಡೆಯವನೂ ಕೈಬಿಟ್ಟ. ಎರಡೂ ದೇಶ ಒಂದೇ ಮಾತು ಹೇಳಿಬಿಟ್ಟವು, ಅದೂ ತನ್ನದೇ ತಾರಸಿಯ ಮೇಲೆ. ಏನೂ ತೋಚದೆ, ಹೊತ್ತಿಳಿಯುತ್ತಿದೆಯಲ್ಲ ಎಂದು ದಿನದ ರೂಢಿಯಂತೆ ಡ್ರಮ್ಮುಗಳ ನಲ್ಲಿ ಒಂದೊಂದಾಗಿ ತಿರುಗಿಸಿದ. ಮನೆ ಹೋದರೂ ನೀರು ಹೊರಗೆ ಮಲಗಬಾರದು.

"ಮೇಡಂ! ಕೋಲು ಎತ್ತಬೇಡಿ!" ಬಂಡೆಯಿಂದ ಕೂಗು.

"ನಾನೆಲ್ಲಿ ಎತ್ತಿದೆ?"

"ಮೇಲೆ ಬರ್ತಿದೆ! ಕಣ್ಣಾರೆ ನೋಡ್ತಿದ್ದೀನಿ. ಹೀಗೇನಾ ನೀವು ಲೆಕ್ಕ ಮಾಡೋದು?"

"ಬನ್ನಿ, ನೀವೇ ಹಿಡೀರಿ! ನಾನು ಅಲ್ಲಿಂದ ನೋಡ್ತೀನಿ!"

ಇಬ್ಬರೂ ಜಾಗ ಬದಲಾಯಿಸಿದರು. ಸಂಜೆಯಪ್ಪ ಉಸಿರು ಬಿಗಿಹಿಡಿದು ಕೋಲನ್ನು ಒತ್ತಿ ನಿಂತ. ಬಂಡೆಯ ಮೇಲಿಂದ ಬೆಳಗಿನಮ್ಮ ಕಿರುಚಿದಳು, "ಸಾರ್! ಈಗ ನೀವು ಎತ್ತುತ್ತಿದ್ದೀರಿ!"

"ಎತ್ತಿಲ್ಲ ಮೇಡಂ! ಆಣೆಗೂ!"

ಅಷ್ಟರಲ್ಲಿ ಮಾವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಧಡಧಡ ಮೆಟ್ಟಿಲು ಹತ್ತಿ ಬಂದಳು. ತಲೆಯಿಂದ ನೀರಿಳಿಯುತ್ತಿತ್ತು.

"ರೀ! ಕೆಳಗೆ ನಿನ್ನೆ ಒಗೆದ ಆಸ್ಪತ್ರೆ ಹೊದಿಕೆ ಒಣಗ್ತಿದೆ, ನೀವು ಮೇಲಿಂದ ಸಮುದ್ರ ಬಿಟ್ಟಿದ್ದೀರಲ್ಲಾ! ಬೆಳಿಗ್ಗೆ ಇಷ್ಟೂ ಡ್ರಮ್ಮು ತುಂಬ್ಸೋದು, ಸಂಜೆ ಇಷ್ಟೂ ಖಾಲಿ ಮಾಡೋದು. ಇದೊಂದು ಕಾಯಿಲೆ!"

ಸಂಜೆಯಪ್ಪನ ಕೈಯಿಂದ ಕೋಲು ಜಾರಿ ಬಿತ್ತು. "ಏನಂದ್ರಿ ಅಕ್ಕಾ? ದಿನಾನಾ?"

"ದಿನಾ!"

ಬೆಳಗಿನಮ್ಮ ಓಡಿ ಬಂದು ಒಂದು ಡ್ರಮ್ಮಿನ ಮುಚ್ಚಳ ಎತ್ತಿದಳು, ಸಂಜೆಯಪ್ಪ ಇನ್ನೊಂದರದ್ದು. ಒಬ್ಬರ ಮುಖ ಒಬ್ಬರು ನೋಡಿದರು. ಬೆಳಿಗ್ಗೆ ಅಷ್ಟೂ ನೀರಿನ ಭಾರಕ್ಕೆ ಚಾಚಿದ ಮೂಲೆ ಬಾಗುತ್ತದೆ, ಸಂಜೆ ಹಗುರಾಗಿ ಏಳುತ್ತದೆ. ಡ್ರಮ್ಮು ಹೆಚ್ಚಿದಷ್ಟೂ ಬೆಳಗಿನ ಬಾಗು ಹೆಚ್ಚು. ಗುಡ್ಡ ಅಲ್ಲಾಡಿರಲಿಲ್ಲ. ಆಕಾಶದಲ್ಲಿದ್ದ ಎರಡೂ ನಿಜವನ್ನೇ ಹೇಳಿದ್ದವು. ನೆಲದ ಮೇಲಿದ್ದವರೇ ಒಬ್ಬರನ್ನೊಬ್ಬರು ಕೇಳಿರಲಿಲ್ಲ.

"ಮಾವಾ," ಎಂದಳು ಬೆಳಗಿನಮ್ಮ, ಅಳಬೇಕೋ ನಗಬೇಕೋ ತಿಳಿಯದೆ, "ಇಷ್ಟು ಡ್ರಮ್ಮು ಯಾಕೆ ತಂದ್ರಿ?"

"ನೀವು ಮನೆ ಇಳೀತಿದೆ ಅಂದ್ರಲ್ಲ ತಾಯಿ. ಅದಕ್ಕೆ."

ಗೋಡೆಯ ಕೆಂಪು ಸುತ್ತನ್ನು ಕೊಡೆ ಸಾಹೇಬನೇ ನಿಂತು ಅಳಿಸಿದ. ಫೋಟೋಗಳು ಮತ್ತೆ ಮುಖ ತಿರುಗಿಸಿಕೊಂಡವು. ಆದರೆ ಡ್ರಮ್ಮು ಕೆಳಗಿಳಿಸಿ ಎಂದು ಇಬ್ಬರೂ ಹೇಳಲಿಲ್ಲ. ಅಲ್ಲೇ ಇರಲಿ ಎಂದರು! ಈಗ ಯಾವ ದೇಶ ಹೊಸ ಉಪಗ್ರಹ ಹಾರಿಸಿದರೂ ಮೊದಲ ಪರೀಕ್ಷೆ ಮಾವನ ತಾರಸಿಯಲ್ಲಿ. ಫೋನು ಬರುತ್ತದೆ, "ಮಾವ, ನಾಳೆ ಎಲ್ಲ ಡ್ರಮ್ಮು ತುಂಬಿಸಿ." ಮಾವ ತುಂಬಿಸುತ್ತಾನೆ. ಮೇಲಿನದು ಬಾಗನ್ನು ಸರಿಯಾಗಿ ಹಿಡಿದರೆ ಪಾಸು.

ಮಾವನ ಅನುಮಾನ ಹೋಯಿತೇ? ಎಲ್ಲಿಯ ಮಾತು! ನಿಜಕ್ಕೂ ಮೇಲಿನಿಂದ ನೋಡುತ್ತಾರೋ ಸುಮ್ಮನೆ ನಾಟಕವೋ ಎಂದು ಒಂದು ಸಲ ಬೇಕೆಂದೇ ಒಂದು ಡ್ರಮ್ಮು ಖಾಲಿ ಬಿಟ್ಟು, ಮುಚ್ಚಳ ಹಾಕಿ, ಏನೂ ಗೊತ್ತಿಲ್ಲದವನ ಹಾಗೆ ಇಸ್ತ್ರಿ ಉಜ್ಜುತ್ತ ಕೂತ. ಉಪಗ್ರಹ ಹಾದುಹೋಗಿ ಒಂದು ಅಂಗಿ ಮಡಿಚುವಷ್ಟು ಹೊತ್ತಾಗಿರಲಿಲ್ಲ, ಫೋನು ಬಂತು.

"ಮಾವ, ಒಂದು ಡ್ರಮ್ಮು ಕಡಿಮೆ ಇದೆಯಲ್ಲ?"

ಮಾವ ಫೋನು ಇಟ್ಟು, ನಿಧಾನಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ. "ಅವರಿಗೆ ಹೇಳಿದ್ದು ನೀನೇ ಅಲ್ವಾ?"

ಏನು, ಮುಸಿಮುಸಿ ನಗುತ್ತಿದ್ದೀರಿ? ನೀರಿಗೆ ಮನೆ ಬಾಗುತ್ತದೆಯೇ ಅಂತಲೇ? ಈಗಲೇ ಎದ್ದು ಹೋಗಿ ನಿಮ್ಮ ತಾರಸಿಯ ತೊಟ್ಟಿಯ ಮುಚ್ಚಳ ಎತ್ತಿ, ಸುತ್ತ ಅಳೆದು, ನಿಧಾನವಾಗಿ ಬನ್ನಿ. ನೀವು ಬರುವವರೆಗೆ ಈ ಬೆಂಚನ್ನೂ, ನೀವು ಬಿಟ್ಟುಹೋಗುವ ಆ ತಟ್ಟೆಯಲ್ಲಿ ಉಳಿದದ್ದನ್ನೂ ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ. ತಟ್ಟೆ ಇತ್ತ ಸರಿಸಿ. ನನ್ನ ಮೇಲೆ ಅನುಮಾನ ಮಾತ್ರ ಬೇಡ.