ಏಳನೇ ಹಾಸಿಗೆಯ ಅಜ್ಜ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುವುದು ಸುಳ್ಳಲ್ಲ. ಆ ವಾರವಂತೂ ಅದು ಅಲ್ಲಿಂದ ಇಳಿಯಲೇ ಇಲ್ಲ. ಕಾರಣ ಅಮ್ಮನೇ.

ನರ್ಸಿಂಗ್ ವಿದ್ಯಾರ್ಥಿಗಳು ಅಭ್ಯಾಸ ಮಾಡಲೆಂದು ಕಂಪ್ಯೂಟರಿನೊಳಗೆ ಆಸ್ಪತ್ರೆ ಕಟ್ಟಿಕೊಡುವುದು ನನ್ನ ಕೆಲಸ. ಮನೆಯಲ್ಲೇ ಕೂತು ಮಾಡುತ್ತೇನೆ. ಕಣ್ಣಿಗೊಂದು ಪೆಟ್ಟಿಗೆ ಬಿಗಿದುಕೊಂಡರೆ ವಾರ್ಡು, ಮಂಚ, ಸಲೈನ್ ಬಾಟಲಿ ಎಲ್ಲ ಎದುರಿಗೇ. ವಿದ್ಯಾರ್ಥಿ ಅಲ್ಲಿ ನರ್ಸು. ಏಳನೇ ಹಾಸಿಗೆಯಲ್ಲಿ ಆಪರೇಷನ್ನಿಗೆ ಹೆದರಿದ ಮೀಸೆಯ ಅಜ್ಜ. ಆ ಅಜ್ಜನೊಳಗೆ ಕೂತು ಮಾತಾಡಲು ನಿಜವಾದ ಮನುಷ್ಯರೇ ಬೇಕು. ಗೊತ್ತುಮಾಡಿದ್ದ ನಟ ಕೈಕೊಟ್ಟದ್ದರಿಂದ ಪಕ್ಕದ ಕೋಣೆಯಲ್ಲಿದ್ದ ಅಮ್ಮನ ತಲೆಗೇ ಪೆಟ್ಟಿಗೆ ಬಿಗಿದೆ. ಅವಳ ದನಿಯನ್ನು ಯಂತ್ರ ಗಂಡಸಿನ ದನಿ ಮಾಡುತ್ತಿತ್ತು.

"ಮೀಸೆ ನಂಗೆ ಚೆನ್ನಾಗೇ ಒಪ್ಪುತ್ತೆ ಕಣೆ" ಎಂದಳು.

ನಿಜದಲ್ಲೂ ಅವಳಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಗುರುವಾರ ಎಂದು ನಿಗದಿಯಾಗಿತ್ತು; ಒಪ್ಪಿಗೆ ಕಾಗದಕ್ಕೆ ಮಾತ್ರ ಸಹಿ ಬಿದ್ದಿರಲಿಲ್ಲ. ಕೇಳಿದಾಗಲೆಲ್ಲ "ನೋಡೋಣ" ಎನ್ನುತ್ತಿದ್ದಳು. ಇನ್ನು ತಡಮಾಡಿದರೆ ಕಷ್ಟ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಜ್ಜನ ಪಾತ್ರ ಮಾಡಿದರೆ ಅವಳ ಭಯವೂ ಕಳೆದೀತು ಎಂಬ ಆಸೆ ನನಗಿತ್ತು.

ಮೂವರು ವಿದ್ಯಾರ್ಥಿಗಳು ತಮ್ಮ ಕಾಲೇಜಿನಲ್ಲೇ ಪೆಟ್ಟಿಗೆ ಹಾಕಿಕೊಂಡು ಒಬ್ಬೊಬ್ಬರಾಗಿ ವಾರ್ಡಿಗೆ ಬಂದರು. ಅಜ್ಜ "ಭಯ ಆಗುತ್ತೆ" ಎಂದಾಗ ಅವರು "ಏನೂ ಆಗಲ್ಲ, ಧೈರ್ಯವಾಗಿರಿ" ಎಂದರೆ ಹತ್ತು ಅಂಕ. ಆಗ ಅಜ್ಜ ಆಪರೇಷನ್ನಿಗೆ ಒಪ್ಪಬೇಕು. ನಾನೇ ಬರೆದದ್ದು. ಮೂವರೂ ಹಾಗೇ ಹೇಳಿದರು. ಮೂರು ಸಲವೂ ಅಜ್ಜ ಗೋಡೆಯ ಕಡೆ ಹೊರಳಿಕೊಂಡ. ಜಪ್ಪಯ್ಯ ಅಂದರೂ ತುಟಿ ಬಿಚ್ಚಲಿಲ್ಲ. ಮಕ್ಕಳು ಪಾಪ ಪೆಚ್ಚಾಗಿ ಹೋದರು.

ನಾನು ಪಕ್ಕದ ಕೋಣೆಗೆ ಹೋಗಿ ಕೇಳಿದೆ. "ಬರೆದುಕೊಟ್ಟಿದ್ದು ಹೇಳೋಕೆ ಏನಮ್ಮ ಕಷ್ಟ?"

"ನಿನ್ನ ಅಜ್ಜನಿಗೆ ಆ ಮಾತು ಹಿಡಿಸ್ಲಿಲ್ಲ."

"ಅಜ್ಜ ಎಲ್ಲಿಂದ ಬಂದ? ಅದು ನಾನು ಮಾಡಿದ ಗೊಂಬೆ."

"ಹಾಗಾದ್ರೆ ಗೊಂಬೇನೇ ಕೇಳ್ಕೋ ಹೋಗು" ಎಂದು ಮತ್ತೆ ಪೆಟ್ಟಿಗೆ ಏರಿಸಿಕೊಂಡಳು.

ತಲೆ ಕೆಟ್ಟುಹೋಯಿತು. ನಾನೂ ನರ್ಸಿನ ವೇಷದಲ್ಲಿ ವಾರ್ಡಿಗೆ ನುಗ್ಗಿದೆ. ಅಜ್ಜ ಗೋಡೆ ನೋಡುತ್ತ ಮಲಗಿದ್ದ. ಬೆನ್ನು ಗಂಡಸಿನದು, ಏದುಸಿರು ಮಾತ್ರ ನಮ್ಮ ಮನೆಯ ಮೆಟ್ಟಿಲ ಮೇಲೆ ದಿನಾ ಕೇಳುವ ಅಮ್ಮನದೇ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಂಚದ ಪಕ್ಕ ಕೂತೆ.

"ಯಾಕಜ್ಜ, ಆ ಮಾತು ಯಾಕೆ ಬೇಡ?"

ಅಜ್ಜ ಗೋಡೆಗೆ ಇನ್ನಷ್ಟು ಸರಿದ. ನಾನು ಎದ್ದು ಬರಲಿಲ್ಲ.

"ನಿಮ್ಮಪ್ಪನಿಗೆ ನಾನು ಅದನ್ನೇ ಹೇಳಿದ್ದೆ" ಎಂದಿತು ಆ ಗಂಡು ದನಿ. "ಆಪರೇಷನ್ ಕೋಣೆ ಬಾಗಿಲಲ್ಲಿ. ಏನೋ ಹೇಳೋಕೆ ಬಾಯಿ ತೆಗೆದ್ರು. ಏನೂ ಆಗಲ್ಲ, ಸುಮ್ನಿರಿ ಅಂದೆ. ಸುಮ್ಮನಾದ್ರು. ಏನು ಹೇಳ್ಬೇಕು ಅಂತಿದ್ರೋ, ಇವತ್ತಿಗೂ ಗೊತ್ತಿಲ್ಲ."

ಅಪ್ಪ ಆ ಕೋಣೆಯಲ್ಲೇ ಹೋಗಿ ಹನ್ನೊಂದು ವರ್ಷ. ಇದನ್ನು ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮಾತ್ರೆ ಆಯ್ತಾ, ಸಹಿ ಆಯ್ತಾ, ಇಷ್ಟೇ ನನ್ನ ವಿಚಾರಣೆ. ಹೆದರಿದವರ ಬಾಯಿ ಮುಚ್ಚಿಸುವುದನ್ನು ಹತ್ತು ಅಂಕ ಕೊಟ್ಟು ಮಕ್ಕಳಿಗೆ ಕಲಿಸಲು ಹೊರಟಿದ್ದೆ.

ಪೆಟ್ಟಿಗೆ ಕಿತ್ತಿಟ್ಟು ಅವಳ ಕೋಣೆಗೆ ಹೋದೆ. ಅಮ್ಮ ಇನ್ನೂ ತನ್ನದನ್ನು ತೆಗೆದಿರಲಿಲ್ಲ. ಅದರ ಕೆಳಗೆ ಕೆನ್ನೆ ಒದ್ದೆಯಾಗಿತ್ತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ.

"ನಂಗೂ ಭಯ ಆಗ್ತಿದೆ ಅಮ್ಮ. ಏನಾಗುತ್ತೋ ಗೊತ್ತಿಲ್ಲ. ನೀನು ಹೇಳ್ಬೇಕಾಗಿರೋದು ಹೇಳು, ಕೇಳ್ತೀನಿ."

ಸಂಜೆಯ ತನಕ ಹೇಳಿದಳು. ಅಪ್ಪನ ಮೇಲೆ ಉಳಿದುಹೋದ ಕೋಪ, ಅಣ್ಣನ ಜೊತೆ ನಾನು ಮಾತು ಬಿಟ್ಟದ್ದು, ತನಗೆ ಹಾಡು ಕಲಿಯಬೇಕೆಂದಿದ್ದದ್ದು. ನಡುವೆ ಬಾಯಿ ಹಾಕುವುದು ನನ್ನ ಹುಟ್ಟುಗುಣ. ಅಂದು ಒಮ್ಮೆಯೂ ಹಾಕಲಿಲ್ಲ. ಕೊನೆಗೆ ಅವಳೇ ಪೆನ್ನು ಕೇಳಿದಳು. ಕಾಗದದ ಮೇಲೆ ನಿಧಾನವಾಗಿ ಸಹಿ ಮಾಡಿ ನನ್ನ ಕಡೆ ತಳ್ಳಿದಳು.

"ತಗೋ. ಆ ಬಾಗಿಲಲ್ಲಿ ನಿಂತು ಹೇಳೋಕೆ ಇನ್ನೇನೂ ಉಳಿದಿಲ್ಲ."